ಕಂದು ಬಣ್ಣದ ಹೊಲ

ಮನೆಯ ಹೊಲಕ್ಕೆ ಸರಕಾರದ ನಕ್ಷೆಯಲ್ಲಿ ಕಂದು ಬಣ್ಣ ಬಿದ್ದ ಸುದ್ದಿ ಮನೆಗೆ ಮುಟ್ಟುವ ಮೊದಲೇ ಬೀದಿಗೆಲ್ಲ ಮುಟ್ಟಿತ್ತು. ಹೊತ್ತು ತಂದವಳು ಕೋಳಿಯಮ್ಮ. ಪಕ್ಕದ ಹೊಲ ಅವಳದು. ಕೋಳಿ ಸಾಕುವುದು ಅವಳ ಕಸುಬು, ಸುದ್ದಿ ಸಾಕುವುದು ಹವ್ಯಾಸ. ಗ್ರಾಮ ಕಚೇರಿಯ ಗೋಡೆಗೆ ಅಂಟಿಸಿದ್ದ ದೊಡ್ಡ ನಕ್ಷೆಯ ಮುಂದೆ ನಿಂತು, ಬೆರಳಿಟ್ಟು ಹುಡುಕಿ, ಅಕ್ಕಪಕ್ಕದವರನ್ನು ಕೇಳಿ ಖಾತ್ರಿ ಮಾಡಿಕೊಂಡು, ದಾರಿಯಲ್ಲಿ ಸಿಕ್ಕವರಿಗೆಲ್ಲ ಇಷ್ಟಿಷ್ಟು ಹಂಚಿ, ಕೊನೆಗೆ ಆ ಮನೆಯ ಮುಂಭಾಗದಲ್ಲೇ ಇದ್ದ ಪಂಪು ರಿಪೇರಿ ಅಂಗಡಿಯ ಮುಂದೆ ಬಂದು ನಿಂತಳು.

"ಹಸಿರಿಗೆ ನೀರಂತೆ, ಹಳದಿಗೂ ನೀರಂತೆ. ಕಂದು ಬಣ್ಣದವರು ಹುಲ್ಲು ಬೆಳ್ಕೊಂಡು ಇರಿ ಅಂತ. ನಿಮ್ಮದೂ ಕಂದು, ನಮ್ಮದೂ ಕಂದು. ಆ ನಕ್ಷೆ ಮಾಡಿದ್ದು ಯಾರು ಗೊತ್ತಾ? ನಿಮ್ಮ ಮನೆ ಸೊಸೇನೇ!"

ಅಂಗಡಿಯವನು ಪಂಪಿನ ಹೊಟ್ಟೆಗೆ ಹಾಕಿದ್ದ ಕೈ ಹೊರಗೆ ತೆಗೆದ. ಒಳಗೆ ಅಕ್ಕಿ ಆರಿಸುತ್ತಿದ್ದ ಅವನ ತಾಯಿ ತಟ್ಟೆಯನ್ನು ಕೆಳಗಿಟ್ಟಳು.

ಇದೆಲ್ಲ ಸೊಸೆಗೆ ತಿಳಿದದ್ದು ಆಮೇಲೆ. ಸಂಜೆ ಬಸ್ಸಿಳಿದು, ಬ್ರೆಡ್ಡನ್ನೂ ಮಗಳಿಗೊಂದು ನೀಲಿ ಪೆನ್ಸಿಲನ್ನೂ ಕೊಂಡು ಮನೆಗೆ ಬಂದಾಗ ಅವಳ ಕಣ್ಣಿಗೆ ಬಿದ್ದದ್ದು ಇಷ್ಟೇ: ಅಂಗಡಿಯ ಬಾಗಿಲು ಹೊತ್ತಿಗೆ ಮುಂಚೆಯೇ ಮುಚ್ಚಿದೆ, ಮನೆಯವರೆಲ್ಲ ಊಟದ ಮೇಜಿನ ಸುತ್ತ ಕೂತಿದ್ದಾರೆ, ಮೇಜಿನ ಮೇಲೆ ಊಟ ಮಾತ್ರ ಇಲ್ಲ.

"ಬಂದ್ಯಾ ತಾಯಿ, ಬಾ," ಎಂದಳು ಅತ್ತೆ. "ನಮ್ಮ ಹೊಲ ಯಾವ ಬಣ್ಣ, ಹೇಳು."

ಚೀಲ ಅವಳ ಕೈಯಲ್ಲೇ ಉಳಿಯಿತು. "ಅದು ಕರಡು ಅತ್ತೆ. ಇನ್ನೂ ಅಂತಿಮ ಆಗಿಲ್ಲ."

"ಬಣ್ಣ ಕೇಳಿದೆ."

"ಕಂದು."

"ನಿಂಗೆ ಮೊದಲೇ ಗೊತ್ತಿತ್ತಾ?" ಗಂಡ ಕೇಳಿದ.

"ಗೊತ್ತಿತ್ತು ರೀ. ಅಂಟಿಸೋಕೆ ಮುಂಚೆ ಹೊರಗೆ ಹೇಳೋ ಹಾಗಿಲ್ಲ."

"ನಾನು ಹೊರಗಿನವನಾ?"

ಅವಳು ಚೀಲವನ್ನು ಮೇಜಿನ ಮೇಲಿಟ್ಟಳು. ಭೂ ಯೋಜನಾ ಕಚೇರಿಯ ಜಿಐಎಸ್ ವಿಭಾಗದಲ್ಲಿ ಅವಳ ಕೆಲಸ. ಒಂದೇ ನೆಲದ ಬೇರೆಬೇರೆ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಹೊದಿಕೆಗಳ ಹಾಗೆ ಒಂದರ ಮೇಲೊಂದು ಹಾಸುವುದು: ಇಳಿಜಾರಿನದೊಂದು, ಮಣ್ಣಿನ ಆಳದ್ದೊಂದು, ಕಲ್ಲಿನದೊಂದು, ರಸ್ತೆಯದೊಂದು, ನೀರು ಎಷ್ಟು ದೂರ ಎಂಬುದೊಂದು. ಒಂದೊಂದಕ್ಕೂ ಇಷ್ಟು ಅಂಕ ಎಂದಿರುತ್ತದೆ. ಅಂಕ ಕೂಡಿದ ಮೇಲೆ ಪ್ರತಿ ತುಂಡು ನೆಲಕ್ಕೂ ತಾನಾಗಿ ಒಂದು ಬಣ್ಣ ಬೀಳುತ್ತದೆ. ಒಳ್ಳೆಯದು ಹಸಿರು, ಪರವಾಗಿಲ್ಲ ಎನ್ನುವುದು ಹಳದಿ, ಬೇಸಾಯಕ್ಕೆ ಬಾರದ್ದು ಕಂದು. ಈ ಸಲದ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ ಕೆರೆಯಿಂದ ಮೇಲಕ್ಕೆ ನೀರೆತ್ತುವ ಪೈಪು ಎಲ್ಲಿಯವರೆಗೆ ಹೋಗಬೇಕು ಎಂಬುದನ್ನು ಆ ಬಣ್ಣವೇ ಹೇಳುತ್ತಿತ್ತು. ಗುಡ್ಡದ ಪಕ್ಕದ ಇಳಿಜಾರಿಗೆ ಪೈಪು ಇಲ್ಲ ಎಂದು ಹೇಳಿತ್ತು.

ಮೈದುನ ಅಷ್ಟು ಹೊತ್ತೂ ಮೇಜಿನ ಮೇಲೆ ಉಗುರಿನಿಂದ ಗೀಚುತ್ತಿದ್ದ. ಹಗಲೆಲ್ಲ ಬೇರೆಯವರ ಟ್ರ್ಯಾಕ್ಟರ್ ಓಡಿಸಿ, ಉಳಿದ ಹೊತ್ತಿನಲ್ಲಿ ಮನೆಯ ಹೊಲ ನೋಡಿಕೊಳ್ಳುವವನು ಅವನು. ನೀರು ಬಂದರೆ ತರಕಾರಿ ಹಾಕುವುದೆಂದು ಲೆಕ್ಕ ಹಾಕಿದ್ದ. ಮುಂದಿನ ಬಿತ್ತನೆಗೆ ನಾನಿರುವುದಿಲ್ಲ ಎಂದು ಟ್ರ್ಯಾಕ್ಟರಿನ ಧಣಿಗೆ ಎದೆ ಉಬ್ಬಿಸಿ ಹೇಳಿಯೂ ಬಂದಿದ್ದ.

"ಅತ್ತಿಗೆ, ಒಂದು ಮಾತು. ಆ ಬಣ್ಣ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು?"

"ಹಾಗೆಲ್ಲ ಆಗಲ್ಲಪ್ಪ."

"ಆಗಲ್ವೋ, ಮಾಡಲ್ವೋ?"

"ಮಾಡಲ್ಲ."

ಅತ್ತೆ ಎದ್ದು ನಿಂತಳು. ಅವಳು ಎದ್ದು ನಿಂತಳೆಂದರೆ ಮಾತು ಮೊಟಕಾಗಿ ಮುಗಿಯುವುದಿಲ್ಲ ಎಂದು ಮನೆಗೆಲ್ಲ ಗೊತ್ತು. "ಕಲ್ಲುಭೂಮಿ ಅಂತ ಬರ್ದಿದ್ದಾರಂತೆ! ಆ ಹೊಲದಲ್ಲಿ ಕಲ್ಲು ಎಲ್ಲಿದೆಯೇ? ಮದುವೆ ಆಗಿ ಬಂದಾಗಿಂದ ನಾನೂ ನಿಮ್ಮ ಮಾವನೂ ಆರಿಸಿ ಆರಿಸಿ ತಂದು ಬದುವಿಗೆ ಹಾಕಿದ್ದೀವಿ. ಇವನನ್ನ ಹೊಟ್ಟೇಲಿಟ್ಕೊಂಡು ಕಲ್ಲು ಹೊತ್ತಿದ್ದೀನಿ. ಅವರು ಹೋದ್ರು. ಇವತ್ತು ಕಚೇರಿ ಕುರ್ಚೀಲಿ ಕೂತ್ಕೊಂಡು ಕಲ್ಲುಭೂಮಿ ಅಂತೀಯಲ್ಲ, ಬಾಯಾದ್ರೂ ಹೇಗೆ ಬಂತು ನಿಂಗೆ?"

"ನಾನು ಅನ್ಲಿಲ್ಲ ಅತ್ತೆ. ಮಣ್ಣಿನ ಮಾದರಿ ಹಾಗೆ ಬಂದಿದೆ. ಒಂದು ಕಡೆ ತೂತು ಕೊರೆದು ಮಣ್ಣು ತೆಗೀತಾರೆ, ಸುತ್ತಲಿನ ಇಳಿಜಾರಿಗೆಲ್ಲ ಕಂಪ್ಯೂಟರು ಅದನ್ನೇ ಹಿಡ್ಕೊಳ್ಳುತ್ತೆ."

"ಕಂಪ್ಯೂಟರಿಗೆ ನಮ್ಮನೆ ಅನ್ನ ಹಾಕು ಹಾಗಾದ್ರೆ," ಎಂದು ಅತ್ತೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಆ ಮನೆಯಲ್ಲಿ ಕೂಗಾಟ ಹೊಸದಲ್ಲ. ಕೂಗಿ, ಅತ್ತು, ಮರುದಿನ ಚಹಾದ ಹೊತ್ತಿಗೆ ಎಲ್ಲ ಮರೆತು ನಗುವವರೇ ಎಲ್ಲರೂ. ಆದರೆ ಈ ಸಲ ಮರುದಿನ ಯಾರೂ ಕೂಗಲೂ ಇಲ್ಲ, ನಗಲೂ ಇಲ್ಲ. ಮಾತೇ ನಿಂತುಹೋಯಿತು.

ಅವಳು ಕಚೇರಿಯಿಂದ ಬರುವ ಹೊತ್ತಿಗೆ ಎಲ್ಲರ ಊಟ ಮುಗಿದಿರುತ್ತಿತ್ತು. ಮುಂಚೆ ಅವಳಿಗಾಗಿ ಕಾಯುತ್ತಿದ್ದರು. ಈಗ ಒಲೆಯ ಪಕ್ಕದಲ್ಲಿ ತಟ್ಟೆಯ ಮೇಲೆ ತಟ್ಟೆ ಬೋರಲು ಹಾಕಿ ಮುಚ್ಚಿಟ್ಟಿರುತ್ತಿದ್ದರು. ಅನ್ನ, ಬೇಳೆ, ಒಂದಿಷ್ಟು ಸೊಪ್ಪು. ಕಡಿಮೆ ಇರುತ್ತಿರಲಿಲ್ಲ. ಹೊಟ್ಟೆಗೆ ಕಮ್ಮಿ ಮಾಡಿದಳೆಂಬ ಮಾತು ಬರದ ಹಾಗೆ ಅತ್ತೆ ಜೋಪಾನ ಮಾಡುತ್ತಿದ್ದಳು. ತಣ್ಣಗಾಗಿರುತ್ತಿತ್ತು, ಅಷ್ಟೇ. ಬಿಸಿ ಮಾಡಿಕೊಳ್ಳಲು ಅವಳಿಗೂ ಮನಸ್ಸಾಗುತ್ತಿರಲಿಲ್ಲ. ಒಬ್ಬಳೇ ಉಣ್ಣುವಾಗ ಅಗಿಯುವ ಸದ್ದು ಕೂಡ ಜೋರಾಗಿ ಕೇಳುತ್ತದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

ಹೇಳಲೇಬೇಕಾದ ಮಾತುಗಳು ಮಗಳ ಮೂಲಕ ಓಡಾಡಿದವು. ಅಜ್ಜಿಯ ಹಿಂದೆಯೇ ಸುತ್ತುತ್ತಾಳೆಂದು ಆ ಹುಡುಗಿಗೆ ಮನೆಯಲ್ಲಿ 'ಬಾಲ' ಎಂದು ಹೆಸರು.

"ಬಾಲ, ಟ್ಯಾಂಕಲ್ಲಿ ನೀರು ಖಾಲಿ ಅಂತ ನಿಮ್ಮಮ್ಮಂಗೆ ಹೇಳು," ಎನ್ನುತ್ತಿದ್ದ ಮೈದುನ, ಅವಳು ಎರಡು ಮಾರು ದೂರದಲ್ಲಿ ನಿಂತಿರುವಾಗಲೇ.

"ಅಮ್ಮಾ, ಟ್ಯಾಂಕು ಖಾಲಿಯಂತೆ."

"ಮೋಟರ್ ಹಾಕ್ತೀನಿ ಅಂತ ಚಿಕ್ಕಪ್ಪಂಗೆ ಹೇಳು."

"ಚಿಕ್ಕಪ್ಪಾ, ಅಮ್ಮ ಮೋಟರ್ ಹಾಕ್ತಾಳಂತೆ. ನಂಗೆ ಟಪಾಲಿನವರ ಸಂಬಳ ಕೊಡಿ ಇಬ್ಬರೂ!"

ಮೈದುನನಿಗೆ ನಗು ಬಂತು. ನಕ್ಕರೆ ಸೋತ ಹಾಗಾಗುತ್ತದೆಂದು ಮುಖ ತಿರುಗಿಸಿಕೊಂಡು ಹೊರಗೆ ಹೋದ.

ಗಂಡ ಮಾತ್ರ ನೇರವಾಗಿ ಮಾತಾಡುತ್ತಿದ್ದ, ಎಷ್ಟು ಬೇಕೋ ಅಷ್ಟು. ಒಂದು ಬೆಳಗ್ಗೆ ಬಸ್ಸಿಗೆ ಹೊರಟವಳನ್ನು ಅಂಗಡಿಯ ಬಾಗಿಲಲ್ಲಿ ತಡೆದು, ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಹೇಳಿದ: "ನಂಗೂ ಗೊತ್ತು ಕಣೇ, ಅದು ತಪ್ಪು ಅಂತ. ಆದ್ರೆ ಅಮ್ಮನ ಮುಖ ನೋಡು. ಒಂದು ಸಲಕ್ಕೆ ಕಣ್ಣು ಮುಚ್ಕೊಂಡ್ರೆ ಯಾರ ಗಂಟು ಹೋಗುತ್ತೆ?"

"ನನ್ನ ಗಂಟು ಹೋಗುತ್ತೆ ರೀ."

"ಸರಿ ಬಿಡು. ಬಸ್ಸು ತಪ್ಪೋಗುತ್ತೆ," ಎಂದು ಅವನು ಪಂಪಿನತ್ತ ಬಗ್ಗಿದ.

ಮನೆಯಲ್ಲಿ ಕಳೆದುಕೊಂಡದ್ದು ಕಚೇರಿಯಲ್ಲಿ ಸಿಕ್ಕಿತು ಎನ್ನಬೇಕು. ಸುದ್ದಿ ಅಲ್ಲಿಗೂ ಹಬ್ಬಿತ್ತು. ವಾರದ ಸಭೆಯಲ್ಲಿ ದೊಡ್ಡ ಸಾಹೇಬರು ಎಲ್ಲರೆದುರು, "ತನ್ನ ಮನೆ ಹೊಲಕ್ಕೇ ಕಂದು ಬಣ್ಣ ಬಿದ್ದರೂ ಕೈ ಹಚ್ಚದೆ ಬಿಟ್ಟವರು ನಮ್ಮ ನಕ್ಷೆ ಮೇಡಂ. ಕೆಲಸ ಅಂದ್ರೆ ಹೀಗಿರಬೇಕು," ಎಂದರು. ಚಪ್ಪಾಳೆ ಬಿತ್ತು. ಅವಳು ತಲೆ ತಗ್ಗಿಸಿದಳು. ಖುಷಿಯಾಗಲಿಲ್ಲ ಎಂದರೆ ಸುಳ್ಳು. ಮನೆಗೆ ಹೋಗುವ ಬಸ್ಸಿನಲ್ಲಿ ಆ ಚಪ್ಪಾಳೆಯನ್ನು ಮತ್ತೆ ಮತ್ತೆ ನೆನೆಸಿಕೊಂಡಳು. ತಣ್ಣನೆಯ ಅನ್ನಕ್ಕೆ ನಂಚಿಕೊಳ್ಳಲು ಅದಾದರೂ ಇತ್ತು.

ಕಚೇರಿಯಲ್ಲಿ ಅವಳಿಗೆ ಹತ್ತಿರದವನು ಗುಂಡಿಯಣ್ಣ. ಹೊಲಹೊಲ ತಿರುಗಿ, ಮಣ್ಣು ಕೊರೆದು ಮಾದರಿ ತರುವವನು. ಊರೂರಲ್ಲಿ ಗುಂಡಿ ತೋಡಿದ್ದಕ್ಕೆ ಬಂದ ಹೆಸರು ಅದು, ಅವನಿಗೂ ಪ್ರೀತಿಯ ಹೆಸರೇ. ಹೊಟ್ಟೆ ಮುಂದೆ, ನಗು ಅದಕ್ಕಿಂತ ಮುಂದೆ. ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ಅವಳ ಡಬ್ಬಿಯಲ್ಲಿ ಬರೀ ಬ್ರೆಡ್ಡು ಕಂಡ ದಿನದಿಂದ ಅವನು ಹೆಂಡತಿಗೆ ಹೇಳಿ ಎರಡು ಮೊಟ್ಟೆ ಹೆಚ್ಚು ತರಿಸುತ್ತಿದ್ದ.

"ಇನ್ನೂ ಮುಖ ಊದಿಸ್ಕೊಂಡೇ ಇದ್ದಾರಾ ಮನೇಲಿ?" ಎಂದು ಕೇಳಿದ ಒಂದು ದಿನ.

"ಊದಿದ್ದು ಇಳಿಯೋ ಹಾಗೆ ಕಾಣಲ್ಲ ಅಣ್ಣ."

"ಅವರಿಗೆ ನಿಮ್ಮ ಬೆಲೆ ಗೊತ್ತಿಲ್ಲ ಬಿಡಿ. ನಾನಂತೂ ನಿಮ್ಮ ಮನೆ ಹೊಲ ಅಂತ ಗೊತ್ತಾದ್ಮೇಲೆ ಎಷ್ಟು ಜೋಪಾನ ಮಾಡಿದೆ ಗೊತ್ತಾ? ನಾನು ಹೋದಾಗ ಆಗಷ್ಟೇ ಬಿತ್ತಿದ್ರು. ನಡುಮಧ್ಯೆ ಇತ್ತು ನಮ್ಮ ಗುರುತಿನ ಜಾಗ. ಬೂಟು ಹಾಕ್ಕೊಂಡು, ಮಣ್ಣು ಕೊರೆಯೋ ಸಲಾಕೆ ಹೊತ್ಕೊಂಡು ಬಿತ್ತಿದ ಸಾಲು ತುಳೀಲಾ? ಮೇಡಂ ಮನೆ ಬೆಳೆ ಅಂತ, ಬದುವಿನ ಬುಡದಲ್ಲೇ ಒಂದು ತೂತು ಹಾಕಿ ಬಂದೆ. ಒಂದು ಮೊಳಕೆಗೂ ನೋವಾಗದ ಹಾಗೆ."

ಅವನು ಮೊಟ್ಟೆಯನ್ನು ಅವಳ ಡಬ್ಬಿಗೆ ಹಾಕಿದ. ಅತ್ತೆ ಎದ್ದು ನಿಂತು ಕೂಗಿದ್ದು ಕಿವಿಯಲ್ಲಿ ಕೇಳಿತು: ಆರಿಸಿ ಆರಿಸಿ ತಂದು ಬದುವಿಗೆ ಹಾಕಿದ್ದೀವಿ.

"ಬದುವಿನಲ್ಲಾ?" ಎಂದಳು.

"ಹೂಂ. ನಾಲ್ಕು ಹೆಜ್ಜೆ ಆಚೆ ಈಚೆ. ಉಪಗ್ರಹ ಜಾಗ ತೋರಿಸೋದ್ರಲ್ಲೇ ಅಷ್ಟು ವ್ಯತ್ಯಾಸ ಬರುತ್ತೆ, ಯಾರಿಗೆ ತಿಳಿಯುತ್ತೆ? ತಿನ್ನಿ, ತಣ್ಣಗಾಗುತ್ತೆ."

ರಜೆಯ ದಿನ ಅವಳು ಮಗಳ ಸೈಕಲ್ ತೆಗೆದುಕೊಂಡು ಹೊಲಕ್ಕೆ ಹೋದಳು. ಅಂಗಡಿಯಿಂದ ಒಂದು ಕಬ್ಬಿಣದ ಸರಳು ತಂದಿದ್ದಳು. ಬದುವಿನ ಬುಡದಲ್ಲಿ ಚುಚ್ಚಿದಳು. ಗೇಣುದ್ದ ಇಳಿದು ಠಣ್ ಎಂದು ನಿಂತಿತು. ಪಕ್ಕದಲ್ಲಿ ಚುಚ್ಚಿದರೂ ಠಣ್. ಮಣ್ಣು ಮುಚ್ಚಿ ಹುಲ್ಲು ಬೆಳೆದಿದ್ದರಿಂದ ಮೇಲೆ ಕಾಣುತ್ತಿರಲಿಲ್ಲ, ಒಳಗೆ ಬರೀ ಕಲ್ಲಿನ ರಾಶಿ. ಆಮೇಲೆ ಸಾಲಿನ ನಡುವೆ ಕಾಲಿಟ್ಟು, ಮೊಣಕಾಲುದ್ದ ಬಂದಿದ್ದ ಜೋಳವನ್ನು ಸರಿಸಿಕೊಂಡು ನಡುಹೊಲಕ್ಕೆ ಹೋದಳು. ಸರಳನ್ನು ಒತ್ತಿದಳು. ಇಳಿಯಿತು. ಇನ್ನೂ ಒತ್ತಿದಳು, ಇನ್ನೂ ಇಳಿಯಿತು. ಅವಳ ಮುಷ್ಟಿ ಮಣ್ಣಿಗೆ ತಾಕಿತು.

"ಏನತ್ತಿಗೆ, ನಿಧಿ ಹುಡುಕ್ತಿದ್ದೀರಾ?"

ಮೈದುನ ಬದುವಿನ ಮೇಲೆ ನಿಂತಿದ್ದ. ಎಷ್ಟೋ ದಿನದ ಮೇಲೆ ಅವನ ಬಾಯಿಂದ ನೇರವಾಗಿ ಬಂದ ಮಾತು. ಅವಳಿಗೆ ಎಲ್ಲವನ್ನೂ ಅಲ್ಲೇ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಸಂಜೆಯೊಳಗೆ ಕೋಳಿಯಮ್ಮನಿಗೆ ಮುಟ್ಟುತ್ತದೆ. ನಾಳೆ ಕಚೇರಿಗೆ. ಮನೆಯವರು ಕಿವಿ ಹಿಂಡಿದ ಮೇಲೆ ಮೇಡಂಗೆ ಮಣ್ಣಿನ ತಪ್ಪು ಕಂಡಿತು ಎನ್ನುತ್ತಾರೆ.

"ಏನಿಲ್ಲ. ಸುಮ್ನೆ," ಎಂದಳು.

"ಸುಮ್ನೆ ಬಂದು ಬೆಳೆ ತುಳೀಬೇಡಿ ಹಾಗಾದ್ರೆ," ಎಂದು ಅವನು ತಿರುಗಿ ಹೊರಟ.

ಅದೊಂದು ವಾರ ಅವಳು ನೆಮ್ಮದಿಯಾಗಿ ಕೂರಲಿಲ್ಲ, ನಿಲ್ಲಲಿಲ್ಲ. ತಪ್ಪು ಗೊತ್ತಿರುವುದು ತನಗೊಬ್ಬಳಿಗೇ. ಬಾಯಿಗೆ ಬೀಗ ಹಾಕಿಕೊಂಡರೆ ಕಚೇರಿಯ ಚಪ್ಪಾಳೆ ಹಾಗೆಯೇ ಇರುತ್ತದೆ, ಗುಂಡಿಯಣ್ಣನ ಮೊಟ್ಟೆಯೂ ಇರುತ್ತದೆ. ಬಾಯಿಬಿಟ್ಟರೆ ಸೋತು ಮನೆಯವರ ಕಡೆ ವಾಲಿದಳೆಂಬ ಹೆಸರು. ನಾಲ್ಕು ಜನರ ಮುಂದೆ 'ಮಾಡಲ್ಲ' ಎಂದು ಜಂಬದಿಂದ ಹೇಳಿದ್ದ ಕೆಲಸವನ್ನೇ ಈಗ ಮಾಡಿದ ಹಾಗೆ ಕಾಣುತ್ತದೆ. ಆದರೆ ನಕ್ಷೆ ಸುಳ್ಳು ಹೇಳುತ್ತಿತ್ತು. ಮನೆಯ ಹೊಲದ ವಿಷಯದಲ್ಲಿ ಮಾತ್ರವಲ್ಲ, ಅದೊಂದು ತೂತನ್ನು ನಂಬಿ ಇಡೀ ಇಳಿಜಾರಿನ ವಿಷಯದಲ್ಲಿ. ಕೋಳಿಯಮ್ಮನ ತುಂಡು ನೆಲವೂ ಅದರಲ್ಲಿತ್ತು.

ಬಾಲ ಮೇಜಿನ ಮೇಲೆ ಶಾಲೆಯ ನಕ್ಷೆಗೆ ಬಣ್ಣ ತುಂಬುತ್ತಿದ್ದಳು. "ಅಮ್ಮಾ, ಇಲ್ಲಿ ಏನು ಬರುತ್ತೆ ಅಂತ ಮರ್ತೋಯ್ತು. ಹಸಿರು ಹಾಕ್ಲಾ?"

"ಗೊತ್ತಿಲ್ದಿದ್ರೆ ಖಾಲಿ ಬಿಡು. ನಾಳೆ ಕೇಳ್ಕೊಂಡು ಹಾಕು."

"ಖಾಲಿ ಬಿಟ್ರೆ ಟೀಚರ್ ಬೈತಾರೆ."

"ಬೈಲಿ," ಎಂದಳು ಅವಳು. ಮಗಳಿಗೆ ಹೇಳುವುದು ಎಷ್ಟು ಸುಲಭ ಎಂದು ಅವಳಿಗೇ ನಾಚಿಕೆಯಾಯಿತು.

ಮರುದಿನ ಕಚೇರಿಯಲ್ಲಿ ಅವಳು ಹೇಳಿದ್ದನ್ನೆಲ್ಲ ದೊಡ್ಡ ಸಾಹೇಬರು ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾದರಿ ತಪ್ಪು ಜಾಗದಲ್ಲಿ ತೆಗೆದಿದೆ. ಆ ತಪ್ಪು ಜಾಗ ನಿಮ್ಮ ಮನೆ ಹೊಲದಲ್ಲೇ ಇದೆ."

"ಹೌದು ಸರ್."

"ಬೇರೆಲ್ಲೂ ತಪ್ಪಾಗಿಲ್ಲ?"

"ನಂಗೆ ಗೊತ್ತಿರೋದು ಇದೊಂದೇ ಸರ್. ನಾನು ಅದನ್ನ ಮುಟ್ಟಲ್ಲ. ನನ್ನ ಕೈಯಿಂದ ಆ ಭಾಗ ತೆಗೆದು ಬೇರೆಯವರಿಗೆ ಕೊಡಿ. ಬೇರೆ ತಂಡ ಹೋಗಲಿ, ಹಲವು ಕಡೆ ಕೊರೀಲಿ. ಏನು ಬರುತ್ತೋ ಅದು."

ಸಾಹೇಬರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಮನೇಲಿ ತುಂಬಾ ಕಷ್ಟ ಕೊಡ್ತಿದ್ದಾರಾಮ್ಮ?" ಎಂದು ಮೃದುವಾಗಿ ಕೇಳಿದರು.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಕರುಣೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು. "ಅದಕ್ಕಲ್ಲ ಸರ್," ಎಂದಳು. ಅದಕ್ಕಲ್ಲ ಎಂದು ಅವರು ನಂಬಿದ ಹಾಗೆ ಕಾಣಲಿಲ್ಲ.

ಗುಂಡಿಯಣ್ಣನಿಗೆ ನೋಟಿಸು ಹೋಯಿತು. ಅವಳು ಅವನಿಗೆ ಮೊದಲೇ ಹೇಳಿದ್ದಳು. ಸಾಹೇಬರ ಕೋಣೆಗೆ ಹೋಗುವ ಮುಂಚೆ ಅವನ ಮುಂದೆ ನಿಂತು, ಕಣ್ಣು ನೋಡಿಯೇ ಹೇಳಿದ್ದಳು. ಆಗ ಅವನು ಹೂಂ ಎಂದಿದ್ದ ಅಷ್ಟೇ. ನೋಟಿಸು ಬಂದ ಮಧ್ಯಾಹ್ನ ಅವನು ಡಬ್ಬಿಯನ್ನು ಆಚೆ ಮೇಜಿಗೆ ಒಯ್ದ. ಅವಳು ಹತ್ತಿರ ಹೋದಳು.

"ಅಣ್ಣ, ನಿಮ್ಮ ಮೇಲೆ ದೂರು ಹೇಳಬೇಕು ಅಂತ ಅಲ್ಲ..."

"ನಿಮಗೋಸ್ಕರ ಮಾಡಿದ್ದು ಮೇಡಂ," ಎಂದ ಅವನು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ಬೇರೆ ಯಾರ ಹೊಲ ಆಗಿದ್ರೂ ತುಳ್ಕೊಂಡು ಹೋಗ್ತಿದ್ದೆ. ನಿಮ್ಮದು ಅಂತ ಬಿಟ್ಟೆ. ಅದಕ್ಕೆ ನೀವು ಒಳ್ಳೇ ಬಹುಮಾನ ಕೊಡಿಸಿದ್ರಿ." ಡಬ್ಬಿಯ ಮುಚ್ಚಳ ಹಾಕಿ ಎದ್ದುಹೋದ.

ಆ ದಿನದಿಂದ ಅವಳು ಎರಡೂ ಹೊತ್ತು ಒಬ್ಬಳೇ ಉಂಡಳು. ಮಧ್ಯಾಹ್ನ ಕಚೇರಿಯ ಕಿಟಕಿಯ ಪಕ್ಕದಲ್ಲಿ, ಸಂಜೆ ಒಲೆಯ ಪಕ್ಕದಲ್ಲಿ. ಅವಳು ಬಂದರೆ ಸಹೋದ್ಯೋಗಿಗಳು ಬೇರೆ ಮಾತು ಎತ್ತುತ್ತಿದ್ದರು. ಚಪ್ಪಾಳೆ ಹೊಡೆದ ಕೈಗಳೇ ಈಗ ಬಾಯಿಗೆ ಅಡ್ಡ ಬರುತ್ತಿದ್ದವು. ಮನೆಯಲ್ಲಿ ಹೇಳಿಕೊಳ್ಳೋಣವೆಂದರೆ ಹೊಸ ಮಾದರಿಯಲ್ಲಿ ಏನು ಬರುತ್ತದೋ ಯಾರಿಗೆ ಗೊತ್ತು? ಆಸೆ ಹುಟ್ಟಿಸಿ ಮತ್ತೆ ಕಂದು ಬಿದ್ದರೆ ಅತ್ತೆಯ ಮುಖ ನೋಡುವುದು ಹೇಗೆ? ಗಂಡನಿಗಾದರೂ ಹೇಳಬಹುದಿತ್ತು. ಹೇಳಿದರೆ ಅವನು 'ಅಂತೂ ಮನಸ್ಸು ಮಾಡಿದೆಯಲ್ಲ' ಎನ್ನುತ್ತಾನೆಂದು ಅವಳಿಗೆ ಹೆದರಿಕೆ.

ಹೇಳಿದ್ದು ಮಗಳೊಬ್ಬಳಿಗೇ. ಸಂಜೆ ಪಾತ್ರೆ ತೊಳೆಯುವಾಗ ಅವಳು ಸೋಪು ಹಚ್ಚುತ್ತಿದ್ದಳು, ಮಗಳು ಒರೆಸಿ ಇಡುತ್ತಿದ್ದಳು.

"ಅಮ್ಮಾ, ನೀನು ಯಾಕೆ ಅಳೋ ಥರ ಇದ್ದೀಯ? ಅಜ್ಜಿ ಮಾತಾಡಲ್ಲ ಅಂತಾನಾ?"

ತಡೆಯಲಾಗದೆ ಅವಳು ಎಲ್ಲ ಹೇಳಿಬಿಟ್ಟಳು: ಬದು, ಕಲ್ಲು, ಗುಂಡಿಯಣ್ಣನ ಬೂಟು, ಸಾಹೇಬರ ಕನ್ನಡಕ. ಕತೆಯ ಹಾಗೆ ಹೇಳಿದಳು. ಮಗಳು ಕತೆಯ ಹಾಗೆಯೇ ಕೇಳಿದಳು.

"ಅಂದ್ರೆ ನೀನು ಬಣ್ಣ ಬದಲಾಯಿಸ್ಲಿಲ್ಲ. ತಪ್ಪಿದೆ ಅಂತ ಹೇಳಿದೆ, ಅಷ್ಟೇ."

"ಅಷ್ಟೇ."

"ಹಾಗಾದ್ರೆ ಎಲ್ಲರೂ ಯಾಕೆ ಸಿಟ್ಟು?"

"ಗೊತ್ತಿಲ್ಲ ಪುಟ್ಟಾ," ಎಂದಳು ಅವಳು. ಒಬ್ಬರಿಗಾದರೂ ಗೊತ್ತಿದೆ ಎನ್ನುವುದೇ ಅವಳಿಗೆ ದೊಡ್ಡ ಸಮಾಧಾನವಾಯಿತು. ಆ ಹೊತ್ತು ಅನ್ನವನ್ನು ಬಿಸಿ ಮಾಡಿಕೊಂಡು ಉಂಡಳು.

ಹೊಸ ತಂಡ ಬಂತು. ಇಳಿಜಾರಿನುದ್ದಕ್ಕೂ ಕೊರೆಯಿತು. ಯಾಕೆಂದು ಮೈದುನ ಕೇಳಿದ್ದಕ್ಕೆ 'ಮರುಪರಿಶೀಲನೆ' ಎಂದರಂತೆ. ಅವನು ಮನೆಗೆ ಬಂದು ಅತ್ತೆಯ ಕಿವಿಯಲ್ಲಿ ಏನೋ ಹೇಳಿದ. ಅಂದು ಮುಚ್ಚಿಟ್ಟ ತಟ್ಟೆಯಲ್ಲಿ ಒಂದು ಆಲೂಗಡ್ಡೆ ಹೆಚ್ಚಾಗಿತ್ತು. ಅವಳು ಅದರ ಅರ್ಥ ಯೋಚಿಸಲು ಹೋಗಲಿಲ್ಲ.

ಕೆಲವು ವಾರ ಕಳೆದು ಅಂತಿಮ ನಕ್ಷೆ ಗ್ರಾಮ ಕಚೇರಿಯ ಗೋಡೆಗೆ ಬಂತು. ಗುಡ್ಡದ ತುದಿ ಕಂದು ಬಣ್ಣದ್ದೇ. ಕೆಳಗಿನ ಇಳಿಜಾರು ಪೂರ್ತಿ ಹಳದಿ. ಪೈಪಿನ ಗೆರೆ ಬದುವನ್ನು ದಾಟಿ ಮುಂದಕ್ಕೆ ಹೋಗಿತ್ತು.

ಸಂಜೆ ಅವಳು ಬಸ್ಸಿಳಿದಾಗ ಮೈದುನ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. "ಹತ್ತಿ ಅತ್ತಿಗೆ. ಇವತ್ತು ನೀವು ನಡೀಬಾರದು."

ಮನೆಯಲ್ಲಿ ಅಂಗಡಿಯ ಬಾಗಿಲು ತೆರೆದಿತ್ತು, ದೀಪಗಳೆಲ್ಲ ಉರಿಯುತ್ತಿದ್ದವು. ಮೇಜಿನ ಮೇಲೆ ಬಿಸಿ ಅನ್ನ, ಹುರಿದ ಆಲೂಗಡ್ಡೆ, ಮೊಟ್ಟೆ, ಒಂದು ಬಟ್ಟಲು ಸಿಹಿ. ಎಲ್ಲರೂ ಅವಳಿಗಾಗಿ ಕಾದಿದ್ದರು. ಅತ್ತೆ ಮೊದಲ ಸೌಟು ಅವಳ ತಟ್ಟೆಗೇ ಹಾಕಿದಳು. ಹಾಕುವಾಗ ಇನ್ನೊಂದು ಕೈ ಅವಳ ಬೆನ್ನ ಮೇಲಿತ್ತು.

"ನಾನು ಹೇಳಿರ್ಲಿಲ್ವಾ, ಮನಸ್ಸು ಮಾಡಿದ್ರೆ ಇವಳ ಕೈಲಿ ಆಗುತ್ತೆ ಅಂತ! ಸುಮ್ನೆ ಇಷ್ಟು ದಿನ ನಮ್ಮನ್ನ ಸತಾಯಿಸಿದ್ಲು."

"ನಾನು ಮಾಡ್ಲಿಲ್ಲ ಅತ್ತೆ," ಎಂದಳು ಅವಳು. "ಮೊದಲ ಮಾದರಿ ತಪ್ಪಾಗಿತ್ತು. ನೀವು ಕಲ್ಲು ಹಾಕಿದ ಬದುವಿನಲ್ಲೇ ಕೊರೆದಿದ್ರು. ಬೇರೆಯವರು ಬಂದು ಸರಿಯಾಗಿ ನೋಡಿದ್ರು. ಹೊಲ ಒಳ್ಳೇದೇ ಇತ್ತು."

ಅತ್ತೆ ಎಲ್ಲರ ಮುಖ ನೋಡಿ ಕಣ್ಣು ಮಿಟುಕಿಸಿದಳು. "ಹಾಂ, ಹೊರಗೆ ಹಾಗೇ ಹೇಳು. ಯಾರು ಕೇಳಿದ್ರೂ ಹಾಗೇ ಹೇಳು. ಜಾಣೆ!"

ಮೈದುನ ಬಿದ್ದು ಬಿದ್ದು ನಕ್ಕ. ಗಂಡ ಮೇಜಿನ ಕೆಳಗೆ ಅವಳ ಕೈ ಹಿಡಿದು ಒತ್ತಿದ. ಅವನ ಅಂಗೈ ಬೆಚ್ಚಗಿತ್ತು. ಎಷ್ಟು ದಿನದಿಂದ ಬೇಕೆಂದಿದ್ದ ಕೈ ಅದು. "ನಂಗೊತ್ತಿತ್ತು, ನೀನು ನಮ್ಮನ್ನ ಬಿಟ್ಟುಕೊಡಲ್ಲ ಅಂತ," ಎಂದು ಮೆಲ್ಲಗೆ ಹೇಳಿದ.

"ರೀ, ನಿಜವಾಗ್ಲೂ ನಾನು..."

"ಆಯ್ತು ಆಯ್ತು, ಊಟ ಮಾಡು."

ಅಷ್ಟರಲ್ಲಿ ಕೋಳಿಯಮ್ಮ ಬುಟ್ಟಿ ತುಂಬ ಮೊಟ್ಟೆ ಹಿಡಿದುಕೊಂಡು ಬಂದಳು. "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ! ನಿಮ್ಮದರ ಜೊತೆ ನಮ್ಮದಕ್ಕೂ ಹಳದಿ ಹಾಕಿಸಿದೆಯಲ್ಲ. ನಮ್ಮ ತಂಗಿದೊಂದು ಆ ಗುಡ್ಡದ ತುದೀಲಿದೆ. ಅದಕ್ಕೂ ಒಂಚೂರು ಬಣ್ಣ ಬಳಿಸಿಬಿಡು, ನಿನ್ನ ಋಣ ಇಟ್ಕೊಳ್ಳಲ್ಲ."

ಎಲ್ಲರೂ ನಕ್ಕರು. ಅವಳು ಬುಟ್ಟಿಯ ಮೊಟ್ಟೆಗಳನ್ನು ನೋಡಿದಳು. ಗುಂಡಿಯಣ್ಣನ ಡಬ್ಬಿ ನೆನಪಾಯಿತು. ತಟ್ಟೆಯಲ್ಲಿದ್ದ ಅನ್ನ ಬಿಸಿಯಾಗಿತ್ತು, ರುಚಿಯಾಗಿತ್ತು. ಆದರೂ ಎರಡು ತುತ್ತಿಗೇ ಸಾಕು ಮಾಡಿದಳು. ಎಂಜಲು ತಟ್ಟೆಗಳನ್ನು ಎತ್ತುವ ನೆಪ ಮಾಡಿಕೊಂಡು ಹಿತ್ತಿಲಿಗೆ ಎದ್ದುಹೋದಳು.

ಬಾಲ ಹಿಂದೆಯೇ ಬಂದು ಒರೆಸುವ ಬಟ್ಟೆ ತೆಗೆದುಕೊಂಡಳು. ನಲ್ಲಿಯ ನೀರು ತಟ್ಟೆಗಳ ಮೇಲೆ ಸುರಿಯುತ್ತಿತ್ತು.

"ಅಮ್ಮಾ, ಅಜ್ಜಿ ಮಧ್ಯಾಹ್ನ ನನ್ನ ಕೇಳಿದ್ರು. 'ನಿಂಗೆ ಅಮ್ಮ ಎಲ್ಲಾ ಹೇಳ್ತಾಳಲ್ಲ, ನಿಜ ಹೇಳು, ಬಣ್ಣ ಬದಲಾಯಿಸಿದ್ದು ಅವಳೇ ತಾನೇ' ಅಂತ."

ಅವಳು ನಲ್ಲಿ ನಿಲ್ಲಿಸಿದಳು. "ನೀನೇನಂದೆ?"

"ಹೌದು ಅಂದೆ."

"ನಿಂಗೆ ಗೊತ್ತಿತ್ತಲ್ಲ ಪುಟ್ಟಾ. ನಾನೇ ಹೇಳಿದ್ದೆನಲ್ಲ."

"ಗೊತ್ತಿತ್ತು." ಬಾಲ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ಇಲ್ಲ ಅಂದಿದ್ರೆ ಮತ್ತೆ ಯಾರೂ ನಿನ್ನ ಜೊತೆ ಮಾತಾಡ್ತಿರ್ಲಿಲ್ಲ. ಅದಕ್ಕೆ."

ಒಳಗಿನಿಂದ ಅತ್ತೆಯ ದನಿ ಕೇಳಿತು. "ಬಾರೇ, ತಟ್ಟೆ ಆಮೇಲೆ ತೊಳೆಯುವಂತೆ. ಸಿಹಿ ಮುಟ್ಟದೆ ಎಲ್ಲರೂ ನಿನಗೋಸ್ಕರ ಕಾಯ್ತಿದ್ದೀವಿ!"

ಅವಳು ಮಗಳ ತಲೆಯ ಮೇಲೆ ಒದ್ದೆ ಕೈಯಿಟ್ಟಳು. ಕೈ ಒರೆಸಿಕೊಂಡು ಒಳಗೆ ಹೋದಳು. ಅತ್ತೆ ತನ್ನ ಪಕ್ಕದಲ್ಲೇ ಜಾಗ ಮಾಡಿಕೊಟ್ಟಳು. ಅವಳು ಕೂತಳು.